ಹನ್ನೊಂದು ಕೆಂಪು ಸಾಲು

೧೭ ನವೆಂಬರ್ ೨೦೨೪, ಭಾನುವಾರ, ಬ್ಯಾಡಗಿ

ಔಷಧ ಕಂಪನಿಯವರು ವರ್ಷದ ಮೊದಲಿಗೆ ಲ್ಯಾಬಿಗೆ ಬಂದಾಗ ಕೊಟ್ಟ ಡೈರಿ ಇದು. ಇಲ್ಲಿಯವರೆಗೆ ಒಂದು ಸಾಲೂ ಬರೆದಿರಲಿಲ್ಲ. ಇವತ್ತು ತೆಗೆದಿದ್ದೇನೆ, ಯಾಕೆಂದರೆ ನಿನ್ನೆ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿನ್ನೆ ಮಧ್ಯಾಹ್ನ ಕುಪ್ಪೇಲೂರಿನಲ್ಲಿ, ಅತ್ತೆಯ ತಮ್ಮನ ಮನೆಯಲ್ಲಿ, ಕೂಸಿಗೆ ಹೆಸರಿಡುವ ಊಟ. ಉಂಡಾದ ಮೇಲೆ ಮಗಳು ಅಂಜಲಿ ಹುಡುಗಿಯರ ಜೊತೆ ಬಿಸಿಲಲ್ಲಿ ಓಡಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಂದು ನನ್ನ ಮುಂದೆ ನಿಂತಳು. ತುಟಿ ಎರಡೂ ಊದಿ, ಬೇರೆ ಯಾರದೋ ಮಗುವಿನ ಮುಖದಂತಾಗಿತ್ತು. ಕುತ್ತಿಗೆಯಿಂದ ತೊಡೆಯವರೆಗೆ ಕೆಂಪಗೆ ಉಬ್ಬಿದ, ತುರಿಸುವ ಗಾದರಿ ಎದ್ದಿದ್ದವು. "ಅವ್ವಾ" ಎಂದಾಗ ದನಿ ಗೊಗ್ಗರಾಗಿತ್ತು. ಇವರು ಮೆಣಸಿನಕಾಯಿ ಚೀಲ ಸಾಗಿಸುವ ತಮ್ಮ ಗಾಡಿಯಲ್ಲೇ ನಮ್ಮನ್ನು ಕೂರಿಸಿಕೊಂಡು ರಾಣೆಬೆನ್ನೂರಿನ ಆಸ್ಪತ್ರೆಗೆ ಓಡಿಸಿದರು. ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ದನಿ ಮರಳಿತು.

"ಏನ್ ತಿಂದಿದ್ಲು?" ಎಂದು ಡಾಕ್ಟರ್ ಕೇಳಿದರು.

ಹದಿಮೂರು ವರ್ಷದಿಂದ ನಾನು ರಾಣೆಬೆನ್ನೂರಿನ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿದ್ದೇನೆ. ಬಂದವರನ್ನೆಲ್ಲ "ಏನರ ತಿಂದ್ ಬಂದೀರೇನ್ರಿ?" ಎಂದು ಕೇಳುವುದೇ ನನ್ನ ಕೆಲಸ. ಆದರೂ "ಎಲ್ಲಾ ತಿಂದಾಳ್ರಿ" ಎನ್ನುವುದು ಬಿಟ್ಟು ಏನೂ ತೋಚಲಿಲ್ಲ. ಎಲೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಇತ್ತು, ಚವಳಿಕಾಯಿ ಪಲ್ಯ, ಗಜ್ಜರಿ ಕೋಸಂಬರಿ, ಟೊಮೆಟೊ ಸಾರು, ಹುಗ್ಗಿ ಇದ್ದವು. ಶೇಂಗಾ, ಗೋಧಿ, ಬೇಳೆ ದಿನವೂ ತಿನ್ನುತ್ತಾಳೆ. ಯಾವುದೋ ತರಕಾರಿ ಇರಬಹುದು, ಅಲರ್ಜಿ ತಿಳಿದವರಿಗೆ ತೋರಿಸಿ ಎಂದರು ಡಾಕ್ಟರು.

ಅತ್ತೆ ಇವತ್ತು ಮುಂಜಾನೆ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು. "ಹೊಸಾ ಲಂಗಾ ಹಾಕ್ಕೊಂಡಿದ್ಲು. ಮಂದಿ ಕಣ್ಣು ಬಿದ್ದೈತಿ," ಎಂದರು. ಅವರಿಗೆ ಉತ್ತರ ಎಷ್ಟು ಬೇಗ ಸಿಗುತ್ತದೆ.

೧೯ ನವೆಂಬರ್, ಮಂಗಳವಾರ

ಅಂಜಲಿಯನ್ನು ಲ್ಯಾಬಿಗೆ ಕರೆದೊಯ್ದು ನಾನೇ ರಕ್ತ ತೆಗೆದೆ. ಬೇರೆಯವರ ಮಕ್ಕಳಿಗೆ "ಇರಿವಿ ಕಚ್ಚಿದಂಗ ಅಕ್ಕೈತಿ ಅಷ್ಟ" ಎನ್ನುತ್ತೇನೆ. ಇವಳಿಗೆ ಅದನ್ನು ಹೇಳದೆ ಸೂಜಿ ಚುಚ್ಚಿದೆ. ಅವಳು ಅಳಲಿಲ್ಲ. ಟ್ಯೂಬು ತುಂಬುವುದನ್ನೇ ನೋಡುತ್ತಾ, "ಅವ್ವಾ, ಇಷ್ಟರಾಗ ಗೊತ್ತಾಕ್ಕೈತೇನು?" ಎಂದಳು.

"ಎಲ್ಲಾ ಗೊತ್ತಾಕ್ಕೈತಿ," ಎಂದೆ.

ಲ್ಯಾಬಿನ ಮಾಲೀಕರಾದ ಕನಕರಾಜ ಅವರು ನಾನು ತುಂಬಿದ ಫಾರ್ಮು ನೋಡಿ ಹುಬ್ಬು ಗಂಟಿಕ್ಕಿದರು. "ಮೊದಲ ಡಾಕ್ಟರಿಗೆ ತೋರ್ಸವಾ. ಅವರು ಏನ್ ಬರೀತಾರ, ಅದನ್ನ ಮಾಡೋಣು. ಇಪ್ಪತ್ತು ತರಕಾರಿ ಒಮ್ಮೆಲೇ ಯಾಕ?"

"ಒಂದ್ ಮಾಡಿ ಸಿಗಲಿಲ್ಲಂದ್ರ ಮತ್ತ ಚುಚ್ಚಬೇಕಲ್ರಿ."

ಸ್ಯಾಂಪಲ್ ಬೆಂಗಳೂರಿಗೆ ಹೋಯಿತು. ಕಣ್ಣು ಬಿದ್ದಿದೆಯೋ ಏನು ಬಿದ್ದಿದೆಯೋ, ಕಾಗದದ ಮೇಲೆ ಬರುತ್ತದೆ.

೨೬ ನವೆಂಬರ್, ಮಂಗಳವಾರ

ಬಂತು. ಇಪ್ಪತ್ತರಲ್ಲಿ ಹನ್ನೊಂದು ಸಾಲು ಕೆಂಪು.

ಸೊನ್ನೆ ಪಾಯಿಂಟ್ ಮೂವತ್ತೈದು ದಾಟಿದ್ದನ್ನೆಲ್ಲ ಕೆಂಪಕ್ಷರದಲ್ಲಿ ಹಾಕುತ್ತಾರೆ. ಕ್ಯಾರೆಟ್, ಅಂದರೆ ನಮ್ಮ ಗಜ್ಜರಿ, ೩.೯೦. ಬದನೆಕಾಯಿ, ಟೊಮೆಟೊ, ಆಲೂಗಡ್ಡೆ, ಸೌತೆಕಾಯಿ, ಕುಂಬಳಕಾಯಿ, ಮೂಲಂಗಿ, ಉಳ್ಳಾಗಡ್ಡಿ, ಎಲೆಕೋಸು, ಡೊಣ್ಣಮೆಣಸಿನಕಾಯಿ, ಚವಳಿಕಾಯಿ, ಇವೆಲ್ಲ ಅರ್ಧದ ಆಚೆ ಈಚೆ. ಆದರೆ ಕೆಂಪೆಂದರೆ ಕೆಂಪೇ ಅಲ್ಲವೇ?

ಒಂದು ಗಜ್ಜರಿಯೋ ಒಂದು ಬದನೆಕಾಯಿಯೋ ಸಿಗುತ್ತದೆ ಎಂದುಕೊಂಡಿದ್ದೆ. ಹನ್ನೊಂದು ಸಿಕ್ಕರೆ ಏನೂ ಸಿಗದಂತೆಯೇ. ಹಲ್ಲು ಬಂದಾಗಿನಿಂದ ಅವಳು ಬದನೆಕಾಯಿ ತಿನ್ನುತ್ತಿದ್ದಾಳೆ. ಹಾಗಾದರೆ ಇಷ್ಟು ವರ್ಷ ಅವಳ ಮೈ ಯಾಕೆ ಸುಮ್ಮನಿತ್ತು? ಕಾಯುತ್ತಿತ್ತೇ? ಬಸ್ಸಿನಲ್ಲಿ ಬರುವಾಗ ಆ ಕಾಗದವನ್ನು ಎಷ್ಟು ಸಲ ಬಿಚ್ಚಿದೆನೋ. ಪ್ರತಿ ಸಲವೂ ಅದೇ.

ಹನ್ನೊಂದೂ ಹೆಸರು ದಪ್ಪ ಅಕ್ಷರದಲ್ಲಿ ಬರೆದು ಅಡಿಗೆಮನೆ ಬಾಗಿಲಿಗೆ ಅಂಟಿಸಿದೆ. ಅತ್ತೆಗೆ ಓದಲು ಬರುವುದಿಲ್ಲ, ಓದಿ ಹೇಳಿದೆ.

"ಇಷ್ಟೆಲ್ಲಾ ಬಿಟ್ಟರ ಕೂಸು ಏನ್ ತಿನ್ನಬೇಕು? ಗಾಳಿ?" ಎಂದರು.

"ರಕ್ತದಾಗ ಬಂದೈತ್ರಿ ಅತ್ತಿ. ನಾ ಹೇಳಿದ್ದಲ್ಲ."

೩ ಡಿಸೆಂಬರ್, ಮಂಗಳವಾರ

ಶಾಲೆಯ ಬಿಸಿಯೂಟ ಬಿಡಿಸಿದ್ದೇನೆ. ಮನೆಯಿಂದ ಡಬ್ಬಿ. ಅನ್ನ, ತೊಗರಿಬೇಳೆ, ಹೀರೇಕಾಯಿ. ಅವಳು ತಿಂದದ್ದನ್ನೆಲ್ಲ ದಿನವೂ ಈ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಡುತ್ತೇನೆ. ಅಂಜಲಿ ಕಟ್ಟೆಯ ಮೇಲೆ ಒಬ್ಬಳೇ ಕೂತು ಉಣ್ಣುತ್ತಾಳೆ ಎಂದು ಅವಳ ಟೀಚರು ಹೇಳಿದರು. ಒಂದಿಷ್ಟು ದಿನ, ಅಷ್ಟೇ.

ನಾನೂ ಅವಳದೇ ಡಬ್ಬಿಯ ಊಟ ಮಾಡುತ್ತಿದ್ದೇನೆ. ಮಗಳಿಗೆ ಬೇಡ ಎಂದು ಹೇಳಿ ತಾಯಿ ತಿನ್ನುವುದು ಹೇಗೆ? ಹೇಗೂ ಈಚೆಗೆ ಹಸಿವೇ ಆಗುವುದಿಲ್ಲ.

೯ ಡಿಸೆಂಬರ್, ಸೋಮವಾರ

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅಂಜಲಿಯ ಗದ್ದದ ಮೇಲೆ ಮೂರು ಗಾದರಿ. ಕೆಳತುಟಿ ಸ್ವಲ್ಪ ದಪ್ಪ. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಸಿರಪ್ ಕುಡಿಸಿ ಅವಳ ಎದುರೇ ಕೂತೆ. ಒಂದು ಗಂಟೆಯಲ್ಲಿ ಇಳಿಯಿತು.

"ಮೆಣಸಿನಕಾಯಿ ಘಾಟು ಇರಬೇಕು. ಹೊಸಾ ಮಾಲು ಬರಾಕತ್ತೈತಿ, ಊರೆಲ್ಲಾ ಸೀನಾಕತ್ತೈತಿ," ಎಂದರು ಅತ್ತೆ, ನನ್ನ ಕಡೆ ನೋಡದೆ.

ಈ ಪುಸ್ತಕ ತೆಗೆದು ಇವತ್ತಿನದನ್ನು ನೋಡಿದೆ. ಅನ್ನ, ಬೇಳೆ, ಹೀರೇಕಾಯಿ. ಹೀರೇಕಾಯಿ ರಿಪೋರ್ಟಿನಲ್ಲಿ ಕಪ್ಪು. ಕಪ್ಪಾದದ್ದು ತಿಂದರೂ ಬರುವುದಾದರೆ ಕೆಂಪಿನ ಅರ್ಥವೇನು? ಕೆಂಪು ತಿಂದರೂ ಇಷ್ಟು ವರ್ಷ ಬಾರದಿದ್ದರೆ ಕಪ್ಪಿನ ಅರ್ಥವೇನು? ತಲೆ ಗಿರ್ರೆನ್ನುತ್ತಿದೆ. ಹೀರೇಕಾಯಿಯನ್ನೂ ಪಟ್ಟಿಗೆ ಸೇರಿಸಿದೆ.

೧೦ ಡಿಸೆಂಬರ್, ಮಂಗಳವಾರ

ಮತ್ತೊಮ್ಮೆ ರಕ್ತ ತೆಗೆಯುತ್ತೇನೆ, ಈ ಸಲ ನಲವತ್ತು ಬಗೆಯದು ಎಂದೆ. ಕನಕರಾಜ ಅವರು ಫಾರ್ಮಿನ ಕಟ್ಟನ್ನೇ ಎತ್ತಿ ತಮ್ಮ ಕಪಾಟಿನಲ್ಲಿಟ್ಟರು.

"ಪುಷ್ಪಾವತಿ, ರಕ್ತ ಕೇಳಿದ್ದಕ್ಕಷ್ಟ ಉತ್ತರಾ ಕೊಡ್ತೈತಿ. ನೀ ಏನ್ ಕೇಳಾಕತ್ತೀ ಅಂತ ನಿನಗರ ಗೊತ್ತೈತೇನು?"

ನನಗೆ ಸಿಟ್ಟು ಬಂತು. ಆಮೇಲೆ ಅಳು ಬಂತು, ಹಿಂದಿನ ಕೋಣೆಗೆ ಹೋಗಿ ಮುಖ ತೊಳೆದುಕೊಂಡೆ. ಹಾವೇರಿಯಲ್ಲಿ ನಸ್ರೀನ್ ಎಂಬ ಮಕ್ಕಳ ಡಾಕ್ಟರು ಅಲರ್ಜಿಯದನ್ನೇ ನೋಡುತ್ತಾರಂತೆ. ಕನಕರಾಜ ಅವರೇ ಫೋನು ಮಾಡಿ ಕೇಳಿದರು. ಜನವರಿ ನಾಲ್ಕಕ್ಕೆ ಬರಲು ಹೇಳಿದ್ದಾರೆ. ಅಲ್ಲಿಯವರೆಗೆ ನಾನೇ ನೋಡಿಕೊಳ್ಳಬೇಕು.

೧೮ ಡಿಸೆಂಬರ್, ಬುಧವಾರ

ಇವರು ಇವತ್ತು ತಾಟಿನ ಮುಂದಿನಿಂದ ಎದ್ದು ಹೋದರು. ಅಂಜಲಿ ತುತ್ತೆತ್ತಿದಾಗಲೆಲ್ಲ ನಾನು ಅವಳ ತುಟಿಯನ್ನೇ ನೋಡುತ್ತೇನಂತೆ. "ಮನ್ಯಾಗ ಉಣ್ಣಾಕ ಕುಂತ್ರ ಆಸ್ಪತ್ರ್ಯಾಗ ಕುಂತಂಗ ಆಕ್ಕೈತಿ. ಆ ಹುಡುಗಿ ಉಣ್ಣೋ ಮುಂದ ನಿನ್ನ ಮಾರಿ ನೋಡಿ ಉಣ್ತೈತಿ, ಗೊತ್ತೈತೇನು ನಿನಗ?"

ಯಾರಾದರೊಬ್ಬರು ನೋಡಬೇಕಲ್ಲ.

ಬಸ್ಸಿನಲ್ಲಿ ಕಣ್ಣಿಗೆ ಕತ್ತಲೆ ಬಂತು. ಚಳಿಗಾಲದ ಮುಂಜಾನೆ ಹಾಗೇ. ಅಂಜಲಿಯನ್ನು ಭಾನುವಾರ ಲ್ಯಾಬಿನ ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದೆ. ಅರ್ಧ ಕೆಜಿ ಹೆಚ್ಚಾಗಿದ್ದಾಳೆ. ನಾನು ನಿಂತರೆ ಮೂರು ಕೆಜಿ ಕಡಿಮೆ. ಇಬ್ಬರೂ ತಿನ್ನುವುದು ಒಂದೇ ಊಟ. ಯಂತ್ರ ಕೆಟ್ಟಿರಬೇಕು, ಕನಕರಾಜ ಅವರಿಗೆ ಹೇಳಬೇಕು.

೩೦ ಡಿಸೆಂಬರ್, ಸೋಮವಾರ

ಎಳ್ಳ ಅಮಾವಾಸ್ಯೆ. ಅತ್ತೆಯ ತಮ್ಮನ ಹೊಲಕ್ಕೆ, ಮತ್ತೆ ಕುಪ್ಪೇಲೂರಿಗೆ. ಬೇಡವೆಂದಿದ್ದೆ, ಇವರು ಕೇಳಲಿಲ್ಲ. ಅಂಜಲಿಯ ಡಬ್ಬಿ ನನ್ನ ಕೈಯಲ್ಲೇ ಇತ್ತು.

ಹೊಲದ ತುಂಬ ಎಡೆಯ ಚರಗ ಚೆಲ್ಲಿ ಎಲ್ಲರೂ ಬನ್ನಿಗಿಡದ ನೆರಳಲ್ಲಿ ಊಟಕ್ಕೆ ಕೂತರು. ಅಂಜಲಿ ಕಾಣಲಿಲ್ಲ. ಅತ್ತೆಯೂ ಕಾಣಲಿಲ್ಲ. ಜೋಳದ ಬೆಳೆಯ ಬದುವಿನ ಆಚೆ ಹೋಗಿ ನೋಡಿದರೆ ಇಬ್ಬರೂ ಕೂತಿದ್ದಾರೆ. ಅತ್ತೆ ಸಜ್ಜೆರೊಟ್ಟಿ ಮುರಿದು, ಎಣ್ಣೆಗಾಯಿ ಒತ್ತಿ, ಅವಳ ಬಾಯಿಗೆ ಇಡುತ್ತಿದ್ದಾರೆ. ಅವಳು ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದಾಳೆ.

ತಾಟು ಕಸಿದು ಒಗೆದೆ. ಅಂಜಲಿಯ ಬಾಯಿಗೆ ಬೆರಳು ಹಾಕಿದೆ. ಅವಳು ಹೆದರಿ ಅತ್ತೆಯ ಸೀರೆ ಹಿಡಿದುಕೊಂಡಳು. ನನ್ನದಲ್ಲ.

"ಬಿಡವಾ ಅದನ್ನ," ಎಂದರು ಅತ್ತೆ. "ಇವತ್ತಿಂದಲ್ಲ. ಒಂದು ತಿಂಗಳಾತು, ದಿನಾ ತಿನ್ನಾಕತ್ತೈತಿ."

ಶಾಲೆ ಬಿಟ್ಟು ಅವಳು ನಾಲ್ಕೂವರೆಗೆ ಬರುತ್ತಾಳೆ. ನನ್ನ ಬಸ್ಸು ಆರಕ್ಕೆ. ಆ ಒಂದೂವರೆ ತಾಸಿನಲ್ಲಿ ಬದನೆಕಾಯಿ, ಟೊಮೆಟೊ ಸಾರು, ಚವಳಿಕಾಯಿ, ಆಲೂಗಡ್ಡೆ, ಉಳ್ಳಾಗಡ್ಡಿ, ಸೌತೆಕಾಯಿ. ನನ್ನ ಪಟ್ಟಿಯಲ್ಲಿದ್ದುದೆಲ್ಲ.

"ಸತ್ತಿದ್ರ?" ಎಂದೆ. ಅಷ್ಟೇ ಮಾತು ಹೊರಟಿದ್ದು.

"ಒಂದೊಂದ ಕೊಟ್ಟೇನಿ. ಮೊದಲ ಒಂದ್ ಚೂರು, ಮರದಿನ ಇನ್ನೊಂದೀಟು. ಬಾಯಿ ನೋಡ್ತಿದ್ದೆ, ಮೈ ನೋಡ್ತಿದ್ದೆ. ನೀನೂ ಉಣ್ಣೋದು ಬಿಟ್ಟಿ, ಆಕಿಗೂ ಬಿಡಿಸಿದಿ. ಇಬ್ಬರ ಮಾರಿನೂ ನೋಡಾಕ ನನ್ನಿಂದ ಆಗಲಿಲ್ಲ ಪುಷ್ಪಾ. ನಿನ್ನ ಬಾಯಿಗೆ ಇಡಾಕ ಬರೂದಿಲ್ಲ. ಆಕಿ ಬಾಯಿಗೆ ಇಟ್ಟೆ."

ಹೊತ್ತು ಇಳಿಯುವವರೆಗೆ ಅಂಜಲಿಯ ಮಗ್ಗುಲಲ್ಲೇ ಕೂತಿದ್ದೆ. ಒಂದು ಗಾದರಿಯೂ ಏಳಲಿಲ್ಲ. ಆಗ ನನಗೆ ಸಮಾಧಾನ ಆಗಬೇಕಿತ್ತು.

೩೧ ಡಿಸೆಂಬರ್, ಮಂಗಳವಾರ

ಈ ಪುಸ್ತಕದಲ್ಲಿ ಒಂದು ತಿಂಗಳಿಂದ ಬರೆದದ್ದು ಸುಳ್ಳು. ಅನ್ನ, ಬೇಳೆ, ಹೀರೇಕಾಯಿ. ಅದನ್ನಷ್ಟೇ ತಿಂದವಳು ನಾನೊಬ್ಬಳೇ.

ಅತ್ತೆಯೊಡನೆ ಮಾತಾಡಿಲ್ಲ. ತಪ್ಪು ಮಾಡಿದವರು ಅವರು. ಆದರೆ ಅವರ ತಪ್ಪಿನಿಂದ ನನ್ನ ಮಗಳು ಕೆನ್ನೆ ತುಂಬಿಕೊಂಡಿದ್ದಾಳೆ. ನನ್ನ ಸರಿಯಿಂದ ಅವಳು ನನ್ನನ್ನು ಕಂಡರೆ ಹೆದರುತ್ತಾಳೆ. ಇದನ್ನು ಯಾರನ್ನು ಕೇಳುವುದು?

೪ ಜನವರಿ ೨೦೨೫, ಶನಿವಾರ

ಹಾವೇರಿಗೆ ಹೋಗಿ ಬಂದೆವು. ಇವರು ಗಾಡಿ ನಿಲ್ಲಿಸಿಕೊಂಡು ಹೊರಗಿದ್ದರು. ಅತ್ತೆ ಬರುತ್ತೇನೆಂದು ಯಾರಿಗೂ ಹೇಳಿರಲಿಲ್ಲ, ಮುಂಜಾನೆ ಎದ್ದು ಚಪ್ಪಲಿ ಮೆಟ್ಟಿ ನಿಂತಿದ್ದರು.

ಡಾಕ್ಟರ್ ನಸ್ರೀನ್ ನನಗಿಂತ ಚಿಕ್ಕವರು. ರಿಪೋರ್ಟು ಮುಂದಿಟ್ಟೆ. ಒಂದು ಸಲ ಕಣ್ಣಾಡಿಸಿ ಬೋರಲು ಹಾಕಿದರು. ನನ್ನ ಡೈರಿ ಚಾಚಿದೆ. ಅದನ್ನೂ ಪಕ್ಕಕ್ಕಿಟ್ಟು, ಕುರ್ಚಿ ಎಳೆದುಕೊಂಡು ಅಂಜಲಿಯ ಎದುರು ಕೂತರು.

"ನೀ ಹೇಳವಾ. ಅವತ್ತ ಮೊದಲ ಏನಾತು? ಮೈಯಾಗೋ, ಬಾಯಾಗೋ?"

"ನಾಲಿಗಿ ತುರಿಸ್ತ್ರಿ. ಆಮ್ಯಾಲ ಕಿವಿ ಒಳಗ."

"ಏನ್ ತಿನ್ನೋ ಮುಂದ?"

"ಕೋಸಂಬರಿ. ಗಜ್ಜರೀದು. ಚೊಲೋ ಇತ್ತಂತ ಎರಡು ಸಲ ಹಾಕಿಸ್ಕೊಂಡಿದ್ದೆ."

ಏಳು ವಾರದಲ್ಲಿ ಇದನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಅವಳ ರಕ್ತವನ್ನು ಕೇಳಿದ್ದೆ.

ಆಗ ಹಿಂದಿನ ಬೆಂಚಿನಿಂದ ಅತ್ತೆ ಎದ್ದು ನಿಂತರು. "ಇನ್ನೊಂದ್ ಐತ್ರಿ. ಹೇಳಿಲ್ಲ ನಾ," ಎಂದರು. ಡಿಸೆಂಬರ್ ಒಂಬತ್ತರಂದು, ಗದ್ದದ ಮೇಲೆ ಗಾದರಿ ಎದ್ದ ದಿನ, ಅವರು ಒಂದು ಬೆರಳಷ್ಟು ಹಸಿ ಗಜ್ಜರಿ ಕೊಟ್ಟಿದ್ದರು. ಅಂಜಲಿ ಬಾಯಿ ತುರಿಸುತ್ತದೆ ಎಂದಾಗ ಉಗುಳಿಸಿ ಬಾಯಿ ತೊಳೆಸಿದ್ದರು. ಘಾಟಿನ ಮಾತು ಸುಳ್ಳು. "ಅವತ್ತಿಂದ ಮನ್ಯಾಗ ಗಜ್ಜರಿ ತಂದಿಲ್ರಿ. ಸೊಸಿಗೆ ಹೇಳಾಕ ಧೈರ್ಯ ಆಗಲಿಲ್ಲ."

ಡಾಕ್ಟರು ಸಣ್ಣ ದನಿಯಲ್ಲೇ ಬೈದರು. "ಅಜ್ಜಿ, ನೀವು ಮಾಡಿದ್ದು ಜೀವಕ್ಕ ಭಾಳ ಧೋಕಾದ ಕೆಲಸ. ಅವತ್ತ ಗಂಟಲಾ ಕಟ್ಟಿದ್ರ ನಿಮ್ಮ ಹತ್ರ ಏನಿತ್ತು? ಇನ್ನೊಮ್ಮೆ ಹಿಂಗ ಮಾಡಬ್ಯಾಡ್ರಿ." ಅತ್ತೆ ತಲೆ ತಗ್ಗಿಸಿದರು. ನನ್ನ ಕಡೆ ತಿರುಗಿ, "ನೀವು ಲ್ಯಾಬಿನವರು. ನೀವ ಹಿಂಗ ಮಾಡಿದ್ರ ಹೆಂಗ್ರಿ?" ಎಂದರು. ನಾನೂ ತಲೆ ತಗ್ಗಿಸಿದೆ. ಆ ಕೋಣೆಯಲ್ಲಿ ನೆಟ್ಟಗೆ ಕೂತಿದ್ದವಳು ಅಂಜಲಿ ಒಬ್ಬಳೇ.

ಅವರು ತಿಳಿಸಿ ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ. "ರಕ್ತದ ಈ ತಪಾಸಣಿ, ಮೈಗೆ ಯಾರ್ಯಾರ ಗುರುತು ಐತಿ ಅಂತ ಹೇಳ್ತೈತಿ. ಗುರುತು ಇರೋದು ಬ್ಯಾರೆ, ಜಗಳ ಇರೋದು ಬ್ಯಾರೆ. ಓಣ್ಯಾಗ ಎಲ್ಲಾರ ಗುರುತು ಇರ್ತೈತಿ, ಎಲ್ಲಾರ ಜೋಡಿ ಬಡದಾಡ್ತೀವೇನು?" ಅಂಜಲಿಗೆ ಹೊಲದ ಬದಿಯ, ಕಾಂಗ್ರೆಸ್ ಕಸ ಎನ್ನುವ ಪಾರ್ಥೇನಿಯಂ ಕಳೆಯ ಹೂಪುಡಿಗೆ ಸೀನು ಬರುತ್ತದೆ. ಆ ಹೂಪುಡಿಯಲ್ಲಿರುವುದಕ್ಕೂ ಕೆಲವು ತರಕಾರಿಗಳಲ್ಲಿರುವುದಕ್ಕೂ ಹೋಲಿಕೆ ಇರುವುದರಿಂದ ಉಳಿದ ಹತ್ತು ಸಾಲು ಕೆಂಪಾಗಿರಬಹುದು. ತಿಂದರೆ ಏನೂ ಆಗದ್ದನ್ನು ಬಿಡಿಸಬಾರದು. ತಿಂದಾಗ ಏನಾಯಿತು ಎಂಬುದು ಮೊದಲು. ರಕ್ತದ ಮಾತು ಆಮೇಲೆ, ಅದಕ್ಕೆ ಸಾಕ್ಷಿಯಾಗಿ.

ಗಜ್ಜರಿ ಮಾತ್ರ ನಿಜ. ಬೇಯಿಸಿದ ಗಜ್ಜರಿಯೂ ಆಗಿಬರುವುದಿಲ್ಲವೇ ಎಂಬುದನ್ನು ಆಸ್ಪತ್ರೆಯಲ್ಲೇ, ಅವರ ಕಣ್ಣೆದುರಿಗೆ ತಿನ್ನಿಸಿ ನೋಡುತ್ತಾರೆ. ಫೆಬ್ರವರಿ ಒಂದಕ್ಕೆ.

ಇಷ್ಟು ತಿಳಿದ ಮೇಲೂ ಮನಸ್ಸು ತಿಳಿಯಾಗಿಲ್ಲ. ಹದಿಮೂರು ವರ್ಷ ಎಷ್ಟು ಜನರ ಕೈಗೆ ಎಷ್ಟು ಕೆಂಪು ಸಾಲು ಕೊಟ್ಟು ಕಳಿಸಿದ್ದೇನೆ. ಅವರೆಲ್ಲ ಮನೆಗೆ ಹೋಗಿ ಏನು ಮಾಡಿದರು?

೬ ಜನವರಿ, ಸೋಮವಾರ

ಬಾಗಿಲಿನ ಪಟ್ಟಿ ಹರಿದು ಹಾಕಿದೆ. ಟೊಮೆಟೊ ಸಾರು ನಾನೇ ಮಾಡಿ ಬಡಿಸಿದೆ. ಅಂಜಲಿ ಉಣ್ಣುವ ಮೊದಲು ನನ್ನ ಮುಖ ನೋಡಿದಳು. ನಾನು ಬೇಕೆಂದೇ ಎದ್ದು ನೀರು ತರಲು ಹೋದೆ. ಬರುವಷ್ಟರಲ್ಲಿ ಅರ್ಧ ತಾಟು ಖಾಲಿ.

ಅತ್ತೆಗೂ ಬಡಿಸಿದೆ. ಮಾತಿಲ್ಲ. ಕ್ಷಮಿಸಿದ್ದೇನೆಯೋ ಇಲ್ಲವೋ, ನನಗೇ ಗೊತ್ತಾಗುತ್ತಿಲ್ಲ.

೨೩ ಜನವರಿ, ಗುರುವಾರ

ಮೇಡ್ಲೇರಿಯಿಂದ ಒಬ್ಬ ತಂದೆ ಬಂದಿದ್ದರು. ಮಗನಿಗೆ ಮೈ ತುರಿಕೆ, ಎಲ್ಲ ತರಕಾರಿಯದೂ ರಕ್ತ ತಪಾಸಣೆ ಮಾಡಿಬಿಡಿ ಎಂದರು. ಕುಂದ್ರಿ ಎಂದೆ. ಯಾವಾಗ ಶುರುವಾಯಿತು, ಅವತ್ತು ಏನು ತಿಂದಿದ್ದ, ಎಷ್ಟು ಹೊತ್ತಿಗೆ ಎದ್ದಿತು ಎಂದು ಕೇಳಿದೆ. ಮಾತಿನಲ್ಲಿ ಅರ್ಧ ಗಂಟೆ ಹೋಯಿತು. ಹೊರಗೆ ಸಾಲು ಬೆಳೆದು ಮಂದಿ ಗೊಣಗಿದರು. ಅವರನ್ನು ರಕ್ತ ತೆಗೆಯದೆ ಡಾಕ್ಟರ ಹತ್ತಿರ ಕಳಿಸಿದೆ. ಕನಕರಾಜ ಅವರು ಬೈಯುತ್ತಾರೆ ಎಂದುಕೊಂಡೆ. ಚಹಾ ತರಿಸಿಕೊಟ್ಟರು. ಯಾಕೋ ಗೊತ್ತಿಲ್ಲ.

೧ ಫೆಬ್ರವರಿ, ಶನಿವಾರ

ಮುಂಜಾನೆ ಒಂಬತ್ತಕ್ಕೆ ಹಾವೇರಿ ತಲುಪಿದೆವು, ನಾನು, ಅಂಜಲಿ, ಅತ್ತೆ. ಇವರಿಗೆ ಬ್ಯಾಡಗಿ ಮಾರುಕಟ್ಟೆಯಿಂದ ಬಿಡುವಿಲ್ಲ. ಗಂಟೆಗೊಮ್ಮೆ ಫೋನು ಮಾಡುತ್ತಿದ್ದರು.

ಅತ್ತೆ ಒಳಗೆ ಬರಲಿಲ್ಲ. "ನನಗ ನೋಡಾಕ ಆಗೂದಿಲ್ಲ," ಎಂದು ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತರು. ಮನೆಯಲ್ಲಿ ಒಬ್ಬರೇ ಇದ್ದಾಗ ನೋಡಲು ಆಗಿತ್ತಲ್ಲ ಎಂದು ಬಾಯಿಗೆ ಬಂತು. ನುಂಗಿಕೊಂಡೆ.

ಮೆತ್ತಗೆ ಬೇಯಿಸಿ ಹಿಸುಕಿದ ಗಜ್ಜರಿ. ಮೊದಲು ಕಾಲು ಚಮಚೆ. ಇಪ್ಪತ್ತು ನಿಮಿಷ ಬಿಟ್ಟು ಅರ್ಧ. ಆಮೇಲೆ ಒಂದು. ಮಂಚದ ಪಕ್ಕದ ತಟ್ಟೆಯಲ್ಲಿ ಇಂಜೆಕ್ಷನ್ ತುಂಬಿ ಸಿದ್ಧವಾಗಿಟ್ಟಿದ್ದರು. ದಿನಕ್ಕೆ ಐವತ್ತು ಸಿರಿಂಜು ಹಿಡಿಯುವ ನಾನು ಆ ಒಂದನ್ನು ನೋಡಲಾರದೆ ಗೋಡೆ ನೋಡುತ್ತಿದ್ದೆ.

"ಹೆಂಗನಸ್ತೈತಿ?" ಎಂದು ಡಾಕ್ಟರು ಪ್ರತಿ ಸಲ ಕೇಳುತ್ತಿದ್ದರು.

"ಸಪ್ಪಗೈತ್ರಿ," ಎಂದು ಪ್ರತಿ ಸಲ ಅಂಜಲಿ ಹೇಳುತ್ತಿದ್ದಳು. ನಾಲ್ಕನೆಯ ಸಲಕ್ಕೆ, "ಉಪ್ಪು ಖಾರಾ ಹಾಕಿದ್ರ ಚೊಲೋ ಆಕ್ಕಿತ್ತ್ರಿ" ಎಂದಳು. ನರ್ಸಮ್ಮ ನಕ್ಕರು.

ಹನ್ನೊಂದೂವರೆಗೆ ಬಟ್ಟಲು ಮುಗಿಯಿತು. ಮತ್ತೆ ಎರಡು ತಾಸು ಕೂರಿಸಿದರು. ಏನೂ ಆಗಲಿಲ್ಲ. ಬೇಯಿಸಿದ್ದು ನಡೆಯುತ್ತದೆ, ಹಸಿಯದು ಬೇಡ. ವರ್ಷಕ್ಕೊಮ್ಮೆ ಮತ್ತೆ ನೋಡೋಣ ಎಂದರು. ದನಿ ಬದಲಾದರೆ ಸಿರಪ್ ಕುಡಿಸುತ್ತಾ ಕೂರಬೇಡಿ, ನೇರ ಹತ್ತಿರದ ಆಸ್ಪತ್ರೆಗೆ ಹೋಗಿ ಎಂದು ಬರೆದೂ ಕೊಟ್ಟರು.

ಹೊರಗೆ ಬಂದೆ. ಅತ್ತೆ ಮುಂಜಾನೆ ಕೂತಲ್ಲಿಯೇ ಕೂತಿದ್ದರು. ಬಿಸಿಲು ಅವರ ಮೇಲೆ ಬಂದಿದ್ದರೂ ಸರಿದು ಕೂತಿರಲಿಲ್ಲ.

"ಏನೂ ಆಗಲಿಲ್ರಿ ಅತ್ತಿ," ಎಂದೆ. ಒಂದು ತಿಂಗಳ ಮೇಲೆ ನಾನಾಗಿ ಆಡಿದ ಮಾತು.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಏಳಲು ಹೋಗಿ ತಡವರಿಸಿದರು, ನಾನು ರಟ್ಟೆ ಹಿಡಿದೆ. ರಟ್ಟೆ ಸಣ್ಣಗಾಗಿತ್ತು. ಯಾವಾಗ ಹೀಗಾದರೋ.

"ಮುಂಜಾನಿಂದ ಏನ್ ತಿಂದೀರಿ?"

"ನೀ ಏನ್ ತಿಂದೀ?"

ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ಹೋದೆವು. ಮೂರು ತಾಟು ಬಂದವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು. ಒಂದು ಬದಿಗೆ ಮೆಂತ್ಯ ಸೊಪ್ಪು, ಸೌತೆಕಾಯಿ, ಉದ್ದಕ್ಕೆ ಸೀಳಿದ ಹಸಿ ಗಜ್ಜರಿ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಂಜಲಿ ತನ್ನ ತಾಟನ್ನು ಎರಡೂ ಕೈಯಿಂದ ಎತ್ತಿ ಬಡಿಸುವವನಿಗೆ ಚಾಚಿದಳು.

"ಅಣ್ಣಾ, ನನಗ ಹಸೀ ಗಜ್ಜರಿ ಆಗಿ ಬರೂದಿಲ್ಲ. ಇದನ್ನ ಒಯ್ದು ಬ್ಯಾರೆ ತಾಟು ತರ್ರಿ. ಉಳದದ್ದೆಲ್ಲಾ ಹಾಕ್ರಿ."

ಅವನು ತಂದ. ಅವಳು ನನ್ನ ಮುಖ ನೋಡದೆ ಉಣ್ಣಲು ಶುರುಮಾಡಿದಳು.

ಅತ್ತೆ ರೊಟ್ಟಿ ಮುರಿಯುತ್ತಾ, "ಉಣ್ಣವಾ, ಆರತೈತಿ," ಎಂದರು. ನಾನು ಎರಡು ರೊಟ್ಟಿ ತಿಂದೆ. ಮೂರನೆಯದನ್ನು ಅವರು ಕೇಳದೆಯೇ ನನ್ನ ತಾಟಿಗೆ ಹಾಕಿದರು. ಬೇಡ ಎನ್ನಬೇಕೆಂದುಕೊಂಡೆ. ತಿಂದೆ.